ಬಸಿದು ಕೊಡಿ

ಜನವರಿ 12

ಗುಬ್ಬಿಗೆ ಅತ್ತಿಗೆ ಮಾಡುವ ಆಶೀರ್ವಾದಗಳು.

ಕಾಗದ ನೋಡಿ ಗಾಬರಿಯಾಗಬೇಡ. ಮನೆಯಲ್ಲಿ ಎಲ್ಲರೂ ಇದ್ದೇವೆ. ಎಲ್ಲರೂ ಅಂದರೆ ನಾನು ಮತ್ತು ನಿಮ್ಮಣ್ಣ, ಅಷ್ಟೇ. ಹನ್ನೊಂದು ವರ್ಷ ಆದಮೇಲೆ ಇವಳಿಗೆ ಈಗ ನೆನಪಾಯಿತೇ ಅಂತ ನಿನಗೆ ಅನಿಸಬಹುದು. ಅನಿಸಲಿ. ಬರೆದು ಬರೆದು ಎಷ್ಟೋ ಸಲ ಹರಿದು ಹಾಕಿದ್ದೇನೆ, ಇದನ್ನು ಹರಿಯುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನಿಮ್ಮಣ್ಣನಿಗೆ ಕೆಲವು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಮಾತ್ರೆ ನುಂಗಿ, ಅದರ ಮೇಲೆ ನಮ್ಮದೇ ಅಂಗಡಿಯ ಮೂಳೆ ಸೂಪು ಕುಡಿದು, ಮೂಳೆಯೊಳಗಿನ ಕೊಬ್ಬು ಹೀರಿ, "ಎರಡೂ ಹೊಟ್ಟೇಲಿ ಕುಸ್ತಿ ಆಡ್ಕೊಳ್ಳಲಿ" ಅನ್ನುತ್ತಿದ್ದರು. ಹೋದ ತಿಂಗಳು ಕಾಲಿನ ಹೆಬ್ಬೆರಳ ಉಗುರು ಕತ್ತರಿಸುವಾಗ ಸ್ವಲ್ಪ ಚರ್ಮ ಕಿತ್ತುಬಂತು. ಅದು ಮಾಯಲೇ ಇಲ್ಲ. ಈಗ ಬೆರಳು ಕಪ್ಪಾಗುತ್ತಿದೆ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕು, ಆಮೇಲೆ ಪಾದ, ಆಮೇಲೆ ಎಲ್ಲಿಗೆ ನಿಲ್ಲುತ್ತೋ ಅಂದರು ಡಾಕ್ಟರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಅನ್ನುವುದು ಗಾದೆ ಅಂದುಕೊಂಡಿದ್ದೆ, ನಮ್ಮ ಮನೆಯಲ್ಲಿ ನಿಜವಾಗುತ್ತಿದೆ.

ಮಾಂಸ, ಕೊಬ್ಬು, ಸೂಪು ಎಲ್ಲ ಬಿಡಿಸಿ, ಸೊಪ್ಪು ತರಕಾರಿ ಕಾಳಿನ ಮೇಲೆ ಇಡಿ ಅಂದಿದ್ದಾರೆ. ನನಗೆ ತರಕಾರಿ ಅಂದರೆ ಸೂಪಿನ ಮೇಲೆ ಉದುರಿಸುವ ನಾಲ್ಕು ಎಸಳು ಸೊಪ್ಪು. ಈ ಮನೆಗೆ ಬಂದ ದಿನದಿಂದ ಮೂಳೆ ತೊಳೆದು, ನೊರೆ ತೆಗೆದು, ಹಂಡೆ ಕಾಯುತ್ತಾ ಕೂತವಳು ನಾನು. ನೀನು ಆಸ್ಪತ್ರೆಯ ಅಡುಗೆಮನೆಯಲ್ಲಿ ರೋಗಿಗಳ ಊಟ ನೋಡಿಕೊಳ್ಳುತ್ತೀಯಂತೆ. ನಿನ್ನನ್ನು ಬಿಟ್ಟು ಇನ್ಯಾರನ್ನು ಕೇಳಲಿ?

ನಿನ್ನ ಹೆಸರು ಎತ್ತಿದರೆ ಅವರು ಈಗಲೂ ಎದ್ದು ಹೊರಗೆ ಹೋಗುತ್ತಾರೆ. ಮಾವ ಹೋದ ದಿನ ಬಂದವರ ಎದುರಿಗೇ ನೀನು ಆಡಿದ ಮಾತು, "ಅಪ್ಪನ್ನ ಕಾಯಿಲೆ ತಿನ್ನಲಿಲ್ಲ, ನಿನ್ನ ಹಂಡೆ ತಿಂತು" ಅಂದದ್ದು, ಈ ಮನೆಯ ಗೋಡೆಗೇ ಅಂಟಿಕೊಂಡಿದೆ. ಡಾಕ್ಟರು ಸೂಪು ಬೇಡ ಅಂದಿದ್ದರು, ನಿಜ. ಆದರೆ ಮಾವ ಮಗುವಿನ ಹಾಗೆ ಕೇಳುತ್ತಿದ್ದರು, ಇವರು ಚಮಚದಲ್ಲಿ ಕುಡಿಸುತ್ತಿದ್ದರು. ನೀನು ಹೇಳಿದ್ದು ಸುಳ್ಳು ಅಂತ ನಾನು ಅನ್ನುವುದಿಲ್ಲ. ನಿಜವನ್ನೂ ಆರಿಸಿ ಕೊಡಬೇಕು ಗುಬ್ಬಿ, ಕುದಿಯುತ್ತಿರುವಾಗ ಬಾಯಿಗೆ ಸುರಿಯಬಾರದು.

ಫೋನ್ ಮಾಡಬೇಡ. ಮನೆಗೆ ಇರುವುದು ಒಂದೇ ಫೋನು, ಅದು ಅವರ ಷರ್ಟಿನ ಜೇಬಿನಲ್ಲಿರುತ್ತದೆ. ಪಕ್ಕದ ದರ್ಜಿಯಮ್ಮನ ಹೆಸರಿಗೆ ಬರೆ, ಅವಳು ತಂದುಕೊಡುತ್ತಾಳೆ.

ನಿನ್ನ ಅತ್ತಿಗೆ


ಜನವರಿ 20

ಅತ್ತಿಗೆಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ನಮ್ಮ ಉಗ್ರಾಣದಲ್ಲಿ ಈರುಳ್ಳಿ ಮೂಟೆಯ ಮೇಲೆ ಕೂತು ಓದಿದೆ. ಕಣ್ಣು ಒರೆಸಿಕೊಂಡು ಹೊರಗೆ ಬಂದರೂ ಯಾರೂ ಏನೂ ಕೇಳಲಿಲ್ಲ. ಈರುಳ್ಳಿಯಿಂದ ಅದೊಂದು ಅನುಕೂಲ.

ಹೇಳಬೇಕಾದ್ದು ಬಹಳ ಇದೆ. ಅದೆಲ್ಲ ಆಮೇಲೆ, ಮೊದಲು ಬೆರಳು ಉಳಿಯಲಿ.

ಮಾತ್ರೆ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ. ಊಟ ಬದಲಾದರೆ ಸಕ್ಕರೆ ಬೇಗ ಇಳಿಯಬಹುದು, ಆಗ ಮಾತ್ರೆ ಜಾಸ್ತಿಯಾಗಿ ತಲೆಸುತ್ತು, ಬೆವರು ಬರುತ್ತದೆ. ಹಾಗಾದರೆ ತಕ್ಷಣ ಡಾಕ್ಟರಿಗೆ ಹೇಳಿ, ಅವರೇ ಕಡಿಮೆ ಮಾಡುತ್ತಾರೆ. ಸೂಪು, ಮಾಂಸ, ಕರಿದದ್ದು ಬೇಡ. ತಟ್ಟೆಯಲ್ಲಿ ಅರ್ಧ ತರಕಾರಿ ಸೊಪ್ಪು, ಉಳಿದರ್ಧದಲ್ಲಿ ಕಾಳು ಮತ್ತು ಪಾಲಿಷ್ ಮಾಡದ ಧಾನ್ಯ. ಅಗಿಯಲು ಏನಾದರೂ ಇಲ್ಲದಿದ್ದರೆ ಅಣ್ಣನಿಗೆ ಊಟ ಮಾಡಿದ ಹಾಗೇ ಆಗುವುದಿಲ್ಲ, ನನಗೆ ಗೊತ್ತು. ಅಣಬೆಯನ್ನು ಒಣ ಬಾಣಲೆಯಲ್ಲಿ ನೀರು ಇಂಗುವ ತನಕ ಹುರಿದು ಮೆಣಸಿನ ಪುಡಿ ಉದುರಿಸಿ ಕೊಡಿ. ಬೈಯುತ್ತಲೇ ತಿನ್ನುತ್ತಾನೆ.

ಇದು ಮಂತ್ರವಲ್ಲ ಅತ್ತಿಗೆ. ಸೊಪ್ಪು ತಿಂದವರೆಲ್ಲ ನೂರು ವರ್ಷ ಬದುಕುವುದಿಲ್ಲ. ನಮ್ಮಲ್ಲಿ ಬರುವವರಲ್ಲಿ ಕೆಲವರಿಗೆ ಏನು ಮಾಡಿದರೂ ಇಳಿಯುವುದಿಲ್ಲ. ಆದರೆ ಒಂದೆರಡು ತಿಂಗಳಲ್ಲಿ ಸಕ್ಕರೆ ಹತೋಟಿಗೆ ಬಂದು, ಗಾಯ ಮಾಯ್ದು, ತಮ್ಮ ಕಾಲಲ್ಲೇ ನಡೆದುಕೊಂಡು ಮನೆಗೆ ಹೋದವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಹೇಳಿದ್ದು ಅಂತ ಅವನಿಗೆ ತಿಳಿಯದಿರಲಿ. ತಿಳಿದರೆ ತಟ್ಟೆ ಬೀದಿಗೆ ಹೋಗುತ್ತದೆ.

ಹಂಡೆಯ ಮುಂದೆ ನಿಂತಾಗ ಈಗಲೂ ಶಿಳ್ಳೆ ಹಾಕುತ್ತಾನಾ?

ಗುಬ್ಬಿ


ಫೆಬ್ರವರಿ 23

ಗುಬ್ಬಿಗೆ ಆಶೀರ್ವಾದಗಳು.

ಶಿಳ್ಳೆ ಹಾಕುತ್ತಾರೆ. ರಾಗ ಒಂದೇ, ಅದೂ ತಪ್ಪು.

ಮೊದಲ ದಿನ ಮುಚ್ಚಳ ತೆಗೆದು ನೋಡಿ, "ಏನೇ ಇದು, ಹಿತ್ತಲಲ್ಲಿ ಹಸು ಕಟ್ಟಿದ್ದೀಯಾ?" ಅಂದರು. ಡಾಕ್ಟರು ಹೇಳಿದ್ದು ಅಂದೆ. ಡಾಕ್ಟರಿಗೇ ಹಾಕು ಅಂದರು. ನಾನೂ ಬಿಡಲಿಲ್ಲ, ನೀವು ತಿನ್ನದಿದ್ದರೆ ನಾನೂ ತಿನ್ನುವುದಿಲ್ಲ ಅಂತ ಗೋಡೆಗೆ ಒರಗಿ ಕೂತೆ. ಎರಡು ಹೊತ್ತು ಇಬ್ಬರೂ ಉಪವಾಸ. ಮೂರನೇ ಹೊತ್ತಿಗೆ ಬಂದು, "ಹಾಕು ಮೇವು" ಅಂದರು. ಮನುಷ್ಯನಿಗೆ ಎಷ್ಟೇ ಹಠ ಇದ್ದರೂ ಹೊಟ್ಟೆಗೆ ಇರುವುದಿಲ್ಲ ನೋಡು.

ಅಣಬೆ ತಿಂದ ದಿನ ಅಗಿದು ಅಗಿದು, "ಇದು ಯಾವ ಪ್ರಾಣಿ?" ಅಂತ ಕೇಳಿದರು. ಈಗ ವಾರಕ್ಕೆ ಎರಡು ದಿನ ಅದೇ ಬೇಕು. ಅಂಗಡಿಯಲ್ಲಿ ಗಿರಾಕಿಗಳು ಗೇಲಿ ಮಾಡುತ್ತಾರೆ, ತಾನು ಮಾರುವ ಸೂಪು ತಾನೇ ಕುಡಿಯದವನನ್ನು ಹೇಗೆ ನಂಬುವುದು ಅಂತ. ಅದಕ್ಕೆ ಇವರು, "ಹೆಂಗಸರ ಚಪ್ಪಲಿ ಮಾರೋನು ಅದನ್ನ ಹಾಕ್ಕೊಂಡು ಓಡಾಡ್ತಾನಾ?" ಅನ್ನುತ್ತಾರೆ.

ಒಂದು ನಗೆಯ ಸಂಗತಿ ಬರೆಯಬೇಕು. ಮೊನ್ನೆ ನಾವಿಬ್ಬರೂ ಆಸ್ಪತ್ರೆಗೆ ಹೋದಾಗ ದರ್ಜಿಯಮ್ಮನನ್ನು ಅಂಗಡಿಯಲ್ಲಿ ನಿಲ್ಲಿಸಿದ್ದೆ. ಒಬ್ಬ ಬಂದು "ಬಸಿದು ಕೊಡಿ" ಅಂದನಂತೆ. ಈ ಮಹಾತಾಯಿ ಸೂಪನ್ನೆಲ್ಲ ಮೋರಿಗೆ ಬಸಿದು, ಮೂಳೆ ಚರಟವನ್ನು ತಟ್ಟೆಗೆ ಹಾಕಿ ಅವನ ಮುಂದೆ ಇಟ್ಟಳಂತೆ. ಅವನು ಮೂಳೆ ನೋಡುತ್ತಾನೆ, ಇವಳ ಮುಖ ನೋಡುತ್ತಾನೆ. ನಾಯಿಗೆ ಹಾಕುವುದನ್ನು ನನಗೆ ಹಾಕಿದೆಯಲ್ಲ ಅಂತ ಜಗಳ. ನಾವು ಬಂದಮೇಲೆ ಇವರು ಅವಳನ್ನು ಕೂರಿಸಿಕೊಂಡು ಪಾಠ ಮಾಡಿದರು. "ತುಂಬಿ ಅಂದ್ರೆ ತುಂಡಿನ ಸಮೇತ, ಬಸಿದು ಅಂದ್ರೆ ನೀರು ಮಾತ್ರ. ಈ ಅಂಗಡೀಲಿ ಬೆಲೆ ಇರೋದೇ ನೀರಿಗೆ ಕಣಮ್ಮ." ಅವಳು ಈಗಲೂ ನಮ್ಮ ಬಾಗಿಲು ದಾಟುವಾಗ ತಲೆ ತಗ್ಗಿಸಿಕೊಂಡು ಹೋಗುತ್ತಾಳೆ.

ಒಳ್ಳೆಯ ಸುದ್ದಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ಸಕ್ಕರೆ ಇಳಿದಿದೆ. ಮಾತ್ರೆ ಅರ್ಧ ಮಾಡಿದ್ದಾರೆ. ಬೆರಳಿನ ಕಪ್ಪು ಹೋಗಿ ಅಂಚಿನಲ್ಲಿ ಹೊಸ ಚರ್ಮ ಬರುತ್ತಿದೆ. ಬ್ಯಾಂಡೇಜು ಬಿಚ್ಚಿದಾಗ ನಾನು ಅತ್ತುಬಿಟ್ಟೆ. ಇವರು, "ಬೆರಳು ಉಳೀತು ಅಂತ ಅಳೋಳನ್ನ ಎಲ್ಲೂ ನೋಡಿಲ್ಲ" ಅಂತ ಡಾಕ್ಟರ ಎದುರಿಗೇ ಅಂದರು.

ಇದು ನಿನ್ನ ಪುಣ್ಯ. ಹೇಳಲು ನಾಲಿಗೆ ತುದಿಯ ತನಕ ಬರುತ್ತದೆ, ನುಂಗುತ್ತೇನೆ.

ನಿನ್ನ ಅತ್ತಿಗೆ


ಮಾರ್ಚ್ 4

ಅತ್ತಿಗೆ,

ದರ್ಜಿಯಮ್ಮನ ಕತೆ ಓದಿ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ಜೊತೆಯವರಿಗೆ ಹೇಳಿದರೆ ಅವರಿಗೆ ನಗು ಬರಲಿಲ್ಲ. ಮೂಳೆ ತಟ್ಟೆ ಮುಂದೆ ಕೂತ ಗಿರಾಕಿಯ ಮುಖ ಕಾಣಬೇಕಾದರೆ ನಮ್ಮ ಅಂಗಡಿಯಲ್ಲಿ ಬೆಳೆದಿರಬೇಕು.

ಬೆರಳಿನ ವಿಷಯ ಓದಿದ ಮೇಲೆ ಆ ದಿನವೆಲ್ಲ ಕೆಲಸ ಹಗುರವಾಗಿತ್ತು. ಒಂದೇ ಮಾತು. ಸಕ್ಕರೆ, ಬಿಪಿ ಎರಡೂ ಬಹಳ ದಿನ ಇದ್ದವರಿಗೆ ಕಿಡ್ನಿಗೂ ಪೆಟ್ಟು ಬಿದ್ದಿರುತ್ತದೆ, ಹೊರಗೆ ತಿಳಿಯುವುದಿಲ್ಲ. ಅದಕ್ಕೆ ಬೇರೆ ರಕ್ತ ಪರೀಕ್ಷೆ ಇದೆ. ಮಾಡಿಸಿದ್ದಾರಾ ಕೇಳಿ. ಇಲ್ಲದಿದ್ದರೆ ಮಾಡಿಸಿ. ಅಣ್ಣ ಸೂಜಿಗೆ ಹೆದರುತ್ತಾನೆ, ಹೆದರಿದ್ದನ್ನು ಕೋಪ ಅಂತ ತೋರಿಸುತ್ತಾನೆ. ಬಿಡಬೇಡಿ.

ಗುಬ್ಬಿ


ಮಾರ್ಚ್ 29

ಗುಬ್ಬಿ,

ನೀನು ಹೇಳಿದ್ದೇ ಆಯಿತು. ಕಿಡ್ನಿ ಎರಡೂ ಸೇರಿ ಒಂದರ ಕೆಲಸವನ್ನೂ ಮಾಡುತ್ತಿಲ್ಲವಂತೆ. ಮಾಂಸ ಬಿಟ್ಟದ್ದು ಒಳ್ಳೆಯದೇ ಆಯಿತು, ಇಲ್ಲದಿದ್ದರೆ ಇನ್ನೂ ಬೇಗ ಹಾಳಾಗುತ್ತಿತ್ತು ಅಂದರು ಡಾಕ್ಟರು. ಅಷ್ಟು ಕೇಳಿ ನಾನು ಉಸಿರು ಬಿಡುವುದರೊಳಗೆ ಇನ್ನೊಂದು ಹೇಳಿದರು. ರಕ್ತದಲ್ಲಿ ಪೊಟ್ಯಾಸಿಯಂ ಅಂತ ಒಂದು ಉಪ್ಪು ಏರಿದೆಯಂತೆ. ಇವರು ಹೊರಗೆ ಬಂದು, "ಯಾರೇ ಅದು ಪೊಟ್ಯಾಸಿಯಮ್ಮ, ನಿಮ್ಮ ಕಡೆ ನೆಂಟರಾ?" ಅಂತ ಕೇಳಿದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅದು ಸೊಪ್ಪು ತರಕಾರಿಯಲ್ಲೇ ಇರುತ್ತದಂತೆ. ಅಂದರೆ ನಾವು ಔಷಧಿ ಅಂತ ತಿನ್ನಿಸಿದ್ದರಲ್ಲೇ. ಬಾಳೆಹಣ್ಣು, ಕಿತ್ತಳೆ, ಎಳನೀರು, ಆಲೂಗಡ್ಡೆ ಬೇಡ, ಉಳಿದ ತರಕಾರಿಯನ್ನು ಬೇಯಿಸುವ ಕ್ರಮ ಒಂದಿದೆ, ನರ್ಸ್ ಹೇಳುತ್ತಾಳೆ ಅಂದರು. ನರ್ಸಿನ ಮುಂದೆ ಅಷ್ಟುದ್ದ ಸಾಲು, ಅವಳು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ಮತ್ತೆ ಕೇಳಲು ನಾಚಿಕೆಯಾಯಿತು. ನನಗೆ ನೀನಿದ್ದೀಯಲ್ಲ ಅಂದುಕೊಂಡು ಬಂದುಬಿಟ್ಟೆ.

ಮತ್ತೆ ಮಾಂಸಕ್ಕೆ ಹೋಗುವುದಾ? ಸೊಪ್ಪು ಬಿಡುವುದಾ? ಬೇಗ ಬರೆ. ಅಲ್ಲಿಯವರೆಗೆ ಗಂಜಿ ಕೊಡುತ್ತಿದ್ದೇನೆ.

ಅತ್ತಿಗೆ


ಏಪ್ರಿಲ್ 6

ಅತ್ತಿಗೆ,

ಪಾಳಿಯ ನಡುವೆ ಬರೆಯುತ್ತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ. ಇಲ್ಲಿ ಇಬ್ಬರು ರಜೆ ಹಾಕಿದ್ದಾರೆ, ಮೂರು ವಾರ್ಡಿನ ತಟ್ಟೆ ನನ್ನ ತಲೆಯ ಮೇಲಿದೆ.

ಮಾಂಸಕ್ಕೆ ಹೋಗುವುದು ಬೇಡ. ಸೊಪ್ಪು ತರಕಾರಿ ಬಿಡುವುದೂ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹಾಗೆ ಮಾಡಬೇಕು. ಸಣ್ಣಗೆ ಹೆಚ್ಚಿ, ಬಹಳ ನೀರು ಇಟ್ಟು ಚೆನ್ನಾಗಿ ಬೇಯಿಸಿ. ಬೇಯಿಸಿದರೆ ಆ ಉಪ್ಪು ತರಕಾರಿಯಿಂದ ಬಿಟ್ಟುಹೋಗುತ್ತದೆ. ಬಸಿದು ಕೊಡಿ. ಎಷ್ಟೇ ಅವಸರ ಇದ್ದರೂ ಇದೊಂದು ತಪ್ಪಿಸಬೇಡಿ, ದಿನವೂ ಬಸಿದೇ ಕೊಡಿ. ಕಾಳು ಸ್ವಲ್ಪ ಕಡಿಮೆ ಮಾಡಿ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಲೇಬೇಕು.

ಹೆದರಬೇಡಿ. ಬೆರಳು ಉಳಿಸಿದವರು ಇದನ್ನೂ ಉಳಿಸುತ್ತೀರಿ.

ಗುಬ್ಬಿ


ಜೂನ್ 3

ಏ ಗುಬ್ಬಿ,

ಅಕ್ಷರ ನೋಡಿ ಯಾರು ಅಂತ ಗೊತ್ತಾಗಿರಬೇಕು. ಇಷ್ಟು ಕೆಟ್ಟದಾಗಿ ಬರೆಯುವವನು ನಮ್ಮ ವಂಶದಲ್ಲಿ ನಾನೊಬ್ಬನೇ.

ನಿಮ್ಮತ್ತಿಗೆ ನನಗೆ ತಿಳಿಯದ ಹಾಗೆ ಜನವರಿಯಿಂದ ಕಳ್ಳಾಟ ಆಡುತ್ತಿದ್ದಾಳೆ. ನನಗೆ ಮೊದಲ ಕಾಗದಕ್ಕೇ ತಿಳಿಯಿತು. ದರ್ಜಿಯಮ್ಮನ ಹೆಸರಿಗೆ ಕಾಗದ ಬರುತ್ತದೆ ಅಂದರೆ ಯಾರು ನಂಬುತ್ತಾರೆ? ಅವಳಿಗೆ ಓದಲು ಬರುವುದಿಲ್ಲ, ಬರೆಯುವವರೂ ಇಲ್ಲ. ಆಮೇಲೆ ಅಣಬೆ ಬಂತು. ಒಣ ಬಾಣಲೆಯಲ್ಲಿ ಅಣಬೆ ಹುರಿಯುವುದು ನಿಮ್ಮತ್ತಿಗೆಯ ತಲೆಗೆ ಹೊಳೆಯುವ ಮಾತಲ್ಲ. ಅವಳು ಇಷ್ಟು ಕಷ್ಟಪಟ್ಟು ಮುಚ್ಚಿಡುತ್ತಿರುವಾಗ ಗೊತ್ತು ಅನ್ನುವುದು ಸರಿಯಲ್ಲ ಅಂತ ಸುಮ್ಮನಿದ್ದೆ. ಮೊನ್ನೆ ತಡೆಯಲಾಗದೆ, "ನಿನ್ನ ನಾದಿನಿ ಹೇಗಿದ್ದಾಳಂತೆ?" ಅಂತ ಕೇಳಿದೆ. ಕೈಯಲ್ಲಿದ್ದ ಸೌಟು ಹಂಡೆಯೊಳಗೆ ಬಿತ್ತು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ಗಂಟಲು ಕೈಕೊಡುತ್ತದೆ, ಕಾಗದದಲ್ಲಿ ಅದೆಲ್ಲ ಕಾಣುವುದಿಲ್ಲ.

ಅಪ್ಪನಿಗೆ ನಾನು ಕುಡಿಸಿದ್ದು ನಿಜ. ಅವರು ಕೇಳಿದ್ದೂ ನಿಜ. ನೀನು ಆಡಿದ ಮಾತಿನಲ್ಲಿ ಎಷ್ಟು ಸರಿ ಎಷ್ಟು ತಪ್ಪು ಅಂತ ಹನ್ನೊಂದು ವರ್ಷ ತೂಗಿದ್ದೇನೆ. ತಕ್ಕಡಿ ಹಿಡಿದ ಕೈ ನೋಯುತ್ತಿದೆ, ಕೆಳಗಿಟ್ಟೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಿದ್ದರಲ್ಲ ಅಪ್ಪ. ನಾನು ಊಟ ಬಲ್ಲವನಲ್ಲ, ನೀನು ಮಾತು ಬಲ್ಲವಳಲ್ಲ. ಇಬ್ಬರನ್ನೂ ಕಲಸಿದ್ದರೆ ಅಪ್ಪನಿಗೆ ಒಂದು ಸರಿಯಾದ ಮಗುವಾಗುತ್ತಿತ್ತು.

ಬೆರಳು ಉಳಿಯಿತು. ಹೊಸ ಉಗುರು ಬರುತ್ತಿದೆ. ನೀನು ಹೇಳಿದ ನೀರನ್ನು ದಿನವೂ ಎರಡು ದೊಡ್ಡ ಲೋಟ ಕುಡಿಯುತ್ತಿದ್ದೇನೆ. ನಿಮ್ಮತ್ತಿಗೆ ಮೂಳೆ ಕುದಿಸಿದ ಹಾಗೇ ಸೊಪ್ಪು ಕುದಿಸಿ, ಅರ್ಧಕ್ಕೆ ಇಳಿಸಿ, ಬಟ್ಟೆಯಲ್ಲಿ ಬಸಿದು ಕೊಡುತ್ತಾಳೆ. ಉಪ್ಪಿಲ್ಲ ಹುಳಿಯಿಲ್ಲ, ಬಣ್ಣವಂತೂ ಕೆರೆಯ ನೀರಿನದು. ಚರಟ ಅವಳು ತಿನ್ನುತ್ತಾಳೆ, ಸತ್ವ ನನಗೆ ಕೊಡುತ್ತಾಳೆ. ಮದುವೆಯಾದಾಗಿನಿಂದ ಅವಳು ಮಾಡಿಕೊಂಡು ಬಂದದ್ದು ಅದೇ ಅಲ್ಲವೇ. ಮೂಗು ಹಿಡಿದು ಕುಡಿಯುತ್ತೇನೆ. ತಂಗಿ ಕೊಟ್ಟದ್ದು ಅಂತ ಕೊನೆಯ ಹನಿಯನ್ನೂ ಬಿಡುವುದಿಲ್ಲ.

ಈಚೆಗೆ ಸ್ವಲ್ಪ ಸುಸ್ತು. ಸೌಟು ಎತ್ತಿದರೆ ತೋಳು ಜೋತುಬೀಳುತ್ತದೆ, ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತದೆ. ಎದೆ ಒಂದೊಂದು ಸಲ ಹೊಡೆಯುವುದನ್ನು ಮರೆತು ಆಮೇಲೆ ನೆನಪು ಮಾಡಿಕೊಳ್ಳುತ್ತದೆ. ವಯಸ್ಸಾಯಿತು. ಬೆರಳು ಮಾಯ್ದಮೇಲೆ ಪರೀಕ್ಷೆಗೆ ರಕ್ತ ಕೊಡಲು ಹೋಗಿಲ್ಲ, ನಿಮ್ಮತ್ತಿಗೆ ದಿನವೂ ಬೈಯುತ್ತಾಳೆ. ನೀನು ಬಾ. ನೀನು ಕೈ ಹಿಡಿದು ಕರೆದುಕೊಂಡು ಹೋದರೆ ಎಷ್ಟು ಬೇಕಾದರೂ ಕೊಡುತ್ತೇನೆ.

ನಿನ್ನ ಅಣ್ಣ


ಜೂನ್ 8

ಅಣ್ಣಾ,

ಆ ನೀರು ಕುಡಿಯಬೇಡ. ಒಂದು ಹನಿಯೂ ಬೇಡ. ಚೆಲ್ಲು. ಬಸಿದು ನೀರು ಚೆಲ್ಲಬೇಕು, ತರಕಾರಿ ನೀನು ತಿನ್ನಬೇಕು. ತರಕಾರಿಯಲ್ಲಿದ್ದ ಆ ಉಪ್ಪೆಲ್ಲ ಇಳಿದು ಸೇರುವುದು ಆ ನೀರಿಗೇ. ಅದು ಏರಿದರೆ ಎದೆ ನಿಂತುಬಿಡುತ್ತದೆ. ತೋಳು ಜೋತುಬೀಳುವುದು ವಯಸ್ಸಿಗಲ್ಲ. ಅತ್ತಿಗೆಯನ್ನು ಕರೆದುಕೊಂಡು ಈಗಲೇ ಆಸ್ಪತ್ರೆಗೆ ಹೋಗು.

ಮಧ್ಯಾಹ್ನ ನಿನ್ನ ಕಾಗದ ಬಂದಾಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ. ರಿಂಗ್ ಆಗುತ್ತದೆ, ಎತ್ತುತ್ತಿಲ್ಲ. ಬಸ್ ನಿಲ್ದಾಣದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಬಸ್ಸು ಇನ್ನೂ ಬಂದಿಲ್ಲ. ಕಾಗದಕ್ಕಿಂತ ಮೊದಲು ನಾನೇ ಬರುತ್ತೇನೆ ಅಂತ ಗೊತ್ತು. ಆದರೂ ಸುಮ್ಮನೆ ಕೂರಲು ಆಗುತ್ತಿಲ್ಲ. ಇಲ್ಲೊಂದು ಅಂಚೆ ಡಬ್ಬಿ ಇದೆ, ಹಾಕುತ್ತೇನೆ.

ಬರುತ್ತಿದ್ದೇನೆ ಅಣ್ಣ. ರಕ್ತ ಕೊಡುವಾಗ ಕೈ ಹಿಡಿದುಕೊಳ್ಳುತ್ತೇನೆ.

ಗುಬ್ಬಿ


ಜೂನ್ 24

ಗುಬ್ಬಿ,

ನೀನು ಹೋಗಿ ಹತ್ತು ದಿನದ ಮೇಲಾಯಿತು. ಅಂಗಡಿ ತೆಗೆದಿಲ್ಲ. ಗಿರಾಕಿಗಳು ಬಂದು ಮುಚ್ಚಿದ ಬಾಗಿಲು ನೋಡಿ, ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ. ಹಂಡೆ ಬೋರಲು ಹಾಕಿದ್ದೇನೆ.

ನಿನ್ನ ಕಾಗದ ಬಂತು. ನೀನು ಬಸ್ ನಿಲ್ದಾಣದಲ್ಲಿ ಬರೆದದ್ದು. ಇವರ ಹೆಸರಿಗಿತ್ತು. ಇವರ ಹೆಸರಿಗೆ ಬಂದದ್ದನ್ನು ನಾನು ಯಾವತ್ತೂ ಒಡೆದವಳಲ್ಲ. ಅವರ ಷರ್ಟಿನ ಜೇಬಿನಲ್ಲಿ ಇಟ್ಟು, ಷರ್ಟನ್ನು ಮೊಳೆಗೆ ನೇತುಹಾಕಿದ್ದೆ. ಅವರು ಹೋದ ದಿನವೂ ಷರ್ಟು ಅಲ್ಲೇ ಇತ್ತು. ಅವರು ಬನಿಯನ್‌ನಲ್ಲೇ ಅಂಗಡಿಯಲ್ಲಿ ಬಿದ್ದದ್ದು, ಹಾಗೇ ಎತ್ತಿಕೊಂಡು ಹೋದೆವು. ಫೋನು ಇಲ್ಲಿ ಗೋಡೆಯ ಮೇಲೆ ಬಡಿದುಕೊಳ್ಳುತ್ತಿತ್ತು ಅಂತ ದರ್ಜಿಯಮ್ಮ ಆಮೇಲೆ ಹೇಳಿದಳು. ನಿನ್ನೆ ಆ ಕಾಗದವನ್ನು ತೆಗೆದು ಓದಿದೆ.

ಓದಿದಮೇಲೆ ಒಂದೊಂದೇ ನೆನಪಾಗುತ್ತಿದೆ. ಬೇಯಿಸಿದರೆ ಆ ಉಪ್ಪು ಬಿಟ್ಟುಹೋಗುತ್ತದೆ ಅಂತ ನೀನು ಬರೆದಿದ್ದೆ. ಚೆನ್ನಾಗಿ ಹೋಗಲಿ ಅಂತ ನಾನು ಇನ್ನೂ ಎರಡು ಕುದಿ ಜಾಸ್ತಿಯೇ ಕೊಡುತ್ತಿದ್ದೆ. ಹಬೆಯ ಜೊತೆ ಹಾರಿಹೋಗುತ್ತದೆ ಅಂದುಕೊಂಡಿದ್ದೆ. ಒಂದು ಹನಿ ಚೆಲ್ಲದ ಹಾಗೆ ಬಟ್ಟೆ ಹಿಂಡುತ್ತಿದ್ದೆ. ಸಾಕು ಅಂದರೆ ಇನ್ನರ್ಧ ಲೋಟ ನಾನೇ ಬಲವಂತ ಮಾಡುತ್ತಿದ್ದೆ.

ಮೂರನೇ ದಿನ ನೀನು ಏನೂ ತಿನ್ನದೆ ಕೂತಿದ್ದೆ. ಅವರಿಗೆ ಅಂತ ತಂದಿದ್ದ ಸೊಪ್ಪು ಬಾಡುತ್ತಿತ್ತು. ಅದನ್ನೇ ಕುದಿಸಿ, ಬಸಿದು, ಅವರ ಲೋಟದಲ್ಲಿ ನಿನ್ನ ಕೈಗೆ ಕೊಟ್ಟೆ. ನಿಮ್ಮಣ್ಣ ಇದನ್ನೇ ಕುಡಿಯುತ್ತಿದ್ದರು ಅಂದೆ. ನೀನು ಲೋಟ ಹಿಡಿದುಕೊಂಡು ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದೆ. ಆಮೇಲೆ ಪೂರ್ತಿ ಕುಡಿದು, "ಚೆನ್ನಾಗಿದೆ ಅತ್ತಿಗೆ" ಅಂದೆ. ಆಗ ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮುಖ ನೋಡಿಕೊಂಡು ಕುಡಿದೆ.

ಇನ್ನೊಂದು ಹೇಳಬೇಕು. ನನಗೆ ತಲೆಸುತ್ತು ಬರುತ್ತಿತ್ತು ಅಂತ ದರ್ಜಿಯಮ್ಮ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ನನ್ನ ಬಿಪಿ ನೋಡಿ, ಹೋದ ವರ್ಷಕ್ಕಿಂತ ಎಷ್ಟೋ ವಾಸಿ, ತೂಕವೂ ಇಳಿದಿದೆ, ಏನು ತಿನ್ನುತ್ತಿದ್ದೀರಿ ಅಂತ ಕೇಳಿದರು. ಚರಟ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅವತ್ತು ನನಗೂ ಅರ್ಥವಾಗಿರಲಿಲ್ಲ.

ಹಿಂದೆ ನಿನಗೆ ನಿಜವನ್ನು ಆರಿಸಿ ಕೊಡಬೇಕು ಅಂತ ಬುದ್ಧಿ ಹೇಳಿದ್ದೆ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಕುದಿಯುತ್ತಿದ್ದರೂ ಸರಿ, ಸುರಿ. ಮಾವ ಹೋದ ದಿನ ನಿಮ್ಮಣ್ಣನಿಗೆ ಹೇಳಿದ ಹಾಗೆ ನೇರವಾಗಿ ಹೇಳು. ನಿಮ್ಮಣ್ಣನನ್ನು ಕಾಯಿಲೆ ತಿಂತಾ, ನನ್ನ ಹಂಡೆ ತಿಂತಾ?

ಅತ್ತಿಗೆ


ಜೂನ್ 30

ಅತ್ತಿಗೆ,

ಕಾಯಿಲೆಯೂ ಹೌದು, ಆ ನೀರೂ ಹೌದು. ನಿಮಗೆ ಸುಳ್ಳು ಹೇಳುವುದಿಲ್ಲ. ಕಿಡ್ನಿ ಮೊದಲೇ ಸೋತಿತ್ತು, ರಕ್ತ ಪರೀಕ್ಷೆ ತಪ್ಪಿತು, ಅದರ ಮೇಲೆ ಆ ನೀರು. ಇದರಲ್ಲಿ ಯಾವುದು ಎಷ್ಟು ಅಂತ ತೂಗಲು ನನಗೆ ಬರುವುದಿಲ್ಲ, ಡಾಕ್ಟರಿಗೂ ಬರುವುದಿಲ್ಲ.

ಆದರೆ ಆ ನೀರು ನಿಮ್ಮ ಹಂಡೆಯಿಂದ ಬಂದದ್ದಲ್ಲ. ಬಸಿದು ಕೊಡಿ ಅಂತ ಬರೆದದ್ದು ನಾನು. ನೀವು ಬಸಿದು ಕೊಟ್ಟಿರಿ. ಒಂದು ದಿನವೂ ತಪ್ಪಿಸಲಿಲ್ಲ.

ನಮ್ಮ ಆಸ್ಪತ್ರೆಯ ಅಡುಗೆಮನೆಯಲ್ಲಿ ಬಸಿದು ಅಂದರೆ ನೀರು ಮೋರಿಗೆ, ತರಕಾರಿ ತಟ್ಟೆಗೆ. ನಮ್ಮ ಅಂಗಡಿಯಲ್ಲಿ ಬಸಿದು ಅಂದರೆ ನೀರು ಲೋಟಕ್ಕೆ, ಉಳಿದದ್ದು ನಾಯಿಗೆ. ಮಾತು ಕಲಿಯುವ ಮೊದಲೇ ಅದನ್ನು ಕಲಿತಿದ್ದೆ ನಾನು. ಮೂಳೆ ತಟ್ಟೆಯ ಕತೆಯನ್ನು ನೀವೇ ನನಗೆ ಬರೆದಿರಿ. ಓದಿ ಒಬ್ಬಳೇ ನಕ್ಕೆ, ಅಂಗಡಿಯಲ್ಲಿ ಬೆಳೆದವಳು ಅಂತ ಹೆಮ್ಮೆಪಟ್ಟೆ. ಮುಂದಿನ ತಿಂಗಳೇ ಆ ಎರಡು ಪದ ಬರೆದು ಅಂಚೆಗೆ ಹಾಕಿದೆ. ಏನನ್ನು ಕೊಡಿ ಅಂತ ಬರೆಯಲಿಲ್ಲ. ಹನ್ನೊಂದು ವರ್ಷ ಮನೆಗೆ ಬಾರದವಳಿಗೆ ಮನೆಯ ಮಾತು ಮರೆತುಹೋಗಿತ್ತು ಅತ್ತಿಗೆ.

ಲೋಟ ಕೈಗೆ ಕೊಟ್ಟಾಗ ಗೊತ್ತಿತ್ತು. ಅಲ್ಲೇ ಹೇಳಿಬಿಡಬೇಕು ಅನಿಸಿತು. ನಿಮ್ಮ ಕೈ ನೋಡಿದೆ. ಬಿಸಿ ಬಟ್ಟೆ ಹಿಂಡಿ ಹಿಂಡಿ ಬೆರಳ ತುದಿಯೆಲ್ಲ ಸುಟ್ಟು ಸಿಪ್ಪೆ ಏಳುತ್ತಿತ್ತು. ಅಪ್ಪ ಹೋದ ದಿನ ಅಣ್ಣನ ಕೈಯಲ್ಲಿ ಚಮಚ ಇನ್ನೂ ಇತ್ತು, ಅದನ್ನು ನೋಡಿಯೂ ನಾನು ಬಾಯಿ ಬಿಟ್ಟಿದ್ದೆ. ಈ ಸಲ ಬಾಯಿ ಬಿಡಲಿಲ್ಲ, ಕುಡಿದೆ. ಚೆನ್ನಾಗಿದೆ ಅಂದದ್ದು ಸುಳ್ಳಲ್ಲ. ನಿಮ್ಮ ಕೈಯದು ಯಾವುದೂ ರುಚಿಗೆಟ್ಟಿದ್ದಿಲ್ಲ. ಸುಮ್ಮನಿದ್ದರೆ ನಿಮಗೆ ಒಳ್ಳೆಯದು ಅಂದುಕೊಂಡೆ. ಮಾತನಾಡಬೇಕಾದಾಗ ಸುಮ್ಮನಿರುವುದು, ಸುಮ್ಮನಿರಬೇಕಾದಾಗ ಮಾತನಾಡುವುದು, ಅಣ್ಣ ನನ್ನನ್ನು ಸರಿಯಾಗಿಯೇ ಅಳೆದಿದ್ದ.

ಭಾನುವಾರ ಬರುತ್ತಿದ್ದೇನೆ. ಈ ಸಲ ಮೂರು ದಿನಕ್ಕಲ್ಲ. ಹಂಡೆ ಬೋರಲೇ ಇರಲಿ, ಅದನ್ನು ಏನು ಮಾಡಬೇಕು ಅಂತ ಇಬ್ಬರೂ ಕೂತು ಯೋಚಿಸೋಣ. ಬಾಗಿಲು ಮುಚ್ಚಿಕೊಂಡು ಒಬ್ಬರೇ ಕೂರಬೇಡಿ, ದರ್ಜಿಯಮ್ಮನನ್ನು ಕರೆದುಕೊಳ್ಳಿ.

ಊಟ ಬಿಡಬೇಡಿ. ಸೊಪ್ಪು ತರಕಾರಿ ಬೇಯಿಸಿಕೊಂಡು ತಿನ್ನಿ. ನಿಮ್ಮ ಕಿಡ್ನಿ ಸರಿಯಾಗಿದ್ದರೆ ನೀವು ನೀರು ಬಸಿಯಬೇಕಾಗಿಯೂ ಇಲ್ಲ, ಬಂದಮೇಲೆ ಪರೀಕ್ಷೆ ಮಾಡಿಸೋಣ. ಆದರೆ ತಟ್ಟೆಯಲ್ಲಿರುವುದನ್ನು ಇನ್ನು ಮೇಲೆ ಚರಟ ಅನ್ನಬೇಡಿ. ಅದು ಅಣ್ಣನ ಊಟ.

ನಿಮ್ಮ ಗುಬ್ಬಿ